ಕಡೆಗಣ್ಣನ್ನು ಕಡೆಗಣಿಸದಿರಿ



ಒಂದೇ ಮಸೂರದಲ್ಲಿ ದೂರದ್ದು, ಹತ್ತಿರದ್ದು, ನಡುವಿನದು, ಬದಿಯದು ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆಂದು ಯಾರಾದರೂ ನಿಮಗೆ ಹೇಳಿದರೆ, ಹಾಗೆ ಹೇಳುವವರಿಗೆ ದೃಗ್ವಿಜ್ಞಾನ ತಿಳಿಯದು. ಇಲ್ಲವೇ ತಿಳಿದೂ ಮುಚ್ಚಿಡುತ್ತಿದ್ದಾರೆ. ಇದನ್ನು ಇದಕ್ಕಿಂತ ಮೃದುವಾಗಿ ಹೇಳಲು ನನಗೆ ಮನಸ್ಸಿಲ್ಲ. ಚಾಳೀಸಿನ ಮಸೂರವನ್ನು ರೂಪಿಸುವವರು ಮಸುಕನ್ನು ಇಲ್ಲವಾಗಿಸುವುದಿಲ್ಲ. ಅದನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುತ್ತಾರೆ. ಆ ತೀರ್ಮಾನವನ್ನು ಇಂದು ನಮ್ಮ ಪರವಾಗಿ ಬೇರೆ ಯಾರೋ ಕೈಗೊಳ್ಳುತ್ತಿದ್ದಾರೆ, ಕೈಗೊಂಡ ಮೇಲೆ ನಮಗೆ ತಿಳಿಸುತ್ತಲೂ ಇಲ್ಲ. ನನ್ನ ತಕರಾರು ಇಷ್ಟೇ. ಆದರೆ ಈ ಸಣ್ಣ ತಕರಾರಿನ ಹಿಂದೆ ಎಷ್ಟೋ ಮಂದಿ ಹಿರಿಯರ ಕೈಕಾಲು, ಸೊಂಟಗಳ ಪ್ರಶ್ನೆ ಅಡಗಿದೆ.

ನನ್ನ ಮೊದಮೊದಲ ತಂಡಗಳಲ್ಲಿ ಹತ್ತನೆಯ ತರಗತಿ ಮುಗಿಸಿದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಎಲ್ಲರಿಗೂ ಚಾಳೀಸು ಬಂದಿದೆ. ಪತ್ರಿಕೆಯನ್ನು ಮಾರುದೂರ ಹಿಡಿದು ಓದುವ ಹಂತ ಕಳೆದು, ಬಹುಮಂದಿ ಗೆರೆಯಿಲ್ಲದ ‘ಪ್ರೊಗ್ರೆಸಿವ್’ ಕನ್ನಡಕಕ್ಕೆ ಬಂದು ನಿಂತಿದ್ದಾರೆ. ಮಾತಿಗೆ ಸಿಕ್ಕಾಗ ಅವರು ಹೇಳುವ ದೂರು ಒಂದೇ ಬಗೆಯದು: “ಸರ್, ತಲೆ ತಿರುಗಿಸಿದರೆ ನೆಲವೇ ತೇಲಿದ ಹಾಗಾಗುತ್ತದೆ. ಬದಿಗೆ ಕಣ್ಣು ಹೊರಳಿಸಿದರೆ ಮಸುಕು. ಅಂಗಡಿಯಲ್ಲಿ ಕೇಳಿದರೆ, ಹದಿನೈದು ದಿನ ಹಾಕಿಕೊಳ್ಳಿ, ಅಭ್ಯಾಸವಾಗುತ್ತದೆ ಎನ್ನುತ್ತಾರೆ.” ಅಭ್ಯಾಸವಾಗುವುದು ಏನು, ಎಂದಿಗೂ ಅಭ್ಯಾಸವಾಗದೆ ಉಳಿಯುವುದು ಏನು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ. ಆ ಕೆಲಸಕ್ಕೆ ಇಲ್ಲಿ ಕೈಹಾಕಿದ್ದೇನೆ.

ಮೊದಲು ಕಣ್ಣಿನ ವಿಚಾರ. ನಮ್ಮ ಒಂದೊಂದು ಕಣ್ಣಿನೊಳಗೂ ಎರಡೆರಡು ನೋಟಗಳಿವೆ. ಒಂದು ನೇರನೋಟ. ಅಕ್ಷಿಪಟದ ನಡುವೆ ಪೀತಬಿಂದುವೆಂಬ ಸಣ್ಣ ತಾಣವಿದೆ. ಅದರ ನಡುಗುಳಿಯಲ್ಲಿ ಶಂಕುಕೋಶಗಳು ಕಿಕ್ಕಿರಿದಿವೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಇಲ್ಲಿಂದಲೇ. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳನ್ನು ನಿಲ್ಲಿಸಿ ನೋಡಿ. ಆ ಬೆರಳಿನ ಅಗಲ ಸುಮಾರು 2 ಡಿಗ್ರಿ. ನಮ್ಮ ತೀಕ್ಷ್ಣ ದೃಷ್ಟಿಯ ಹರಹು ಹೆಚ್ಚು ಕಡಿಮೆ ಅಷ್ಟೇ! ಎರಡೂ ಕಣ್ಣು ಸೇರಿ ಅಡ್ಡಕ್ಕೆ ಕಾಣುವ ಒಟ್ಟು ಹರಹಾದರೋ 180 ಡಿಗ್ರಿಯಷ್ಟಿದೆ. ಹೆಬ್ಬೆರಳಿನ ಅಗಲವನ್ನು ಬಿಟ್ಟು ಉಳಿದದ್ದೆಲ್ಲವೂ ಕಡೆಗಣ್ಣ ನೋಟವೇ.

ಕಡೆಗಣ್ಣಿಗೆ ಅಕ್ಷರ ಓದಲು ಬಾರದು. ಆದರೆ ಚಲನೆಯನ್ನು ಅದು ಥಟ್ಟನೆ ಹಿಡಿಯುತ್ತದೆ, ಮಬ್ಬುಗತ್ತಲೆಯಲ್ಲಿ ಕೆಲಸ ಮಾಡುತ್ತದೆ. ಅಕ್ಷಿಪಟದಲ್ಲಿ 60 ಲಕ್ಷದಷ್ಟು ಶಂಕುಕೋಶಗಳಿದ್ದರೆ, ಬಹುಪಾಲು ಹೊರವಲಯದಲ್ಲಿ ಹರಡಿಕೊಂಡಿರುವ ದಂಡಕೋಶಗಳು ಸುಮಾರು 12 ಕೋಟಿ. ನಾವು ಗೆಳೆಯರೊಡನೆ ಮಾತನಾಡುತ್ತ, ಅವರ ಮುಖವನ್ನೇ ನೋಡುತ್ತ ಹೊಸ್ತಿಲು ದಾಟುತ್ತೇವೆ, ಕಾಲು ಎಡವುವುದಿಲ್ಲ. ತೇರಿನ ಜನಜಂಗುಳಿಯಲ್ಲಿ ಯಾರಿಗೂ ಡಿಕ್ಕಿ ಹೊಡೆಯದೆ ನುಸುಳುತ್ತೇವೆ. ಆ ಹೊಸ್ತಿಲನ್ನೂ ಆ ಜನರನ್ನೂ ನೋಡಿಕೊಂಡದ್ದು ಕಡೆಗಣ್ಣು. ಇದರ ಬೆಲೆ ತಿಳಿಯಬೇಕಾದರೆ ಗ್ಲಾಕೋಮಾ ಬಲಿತ ರೋಗಿಯನ್ನು ನೋಡಬೇಕು. ಅಂಥವರಲ್ಲಿ ಕೆಲವರು ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಬಲ್ಲರು. ಎದ್ದು ಹೊರಟರೆ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾರೆ.

ಕಡೆಗಣ್ಣು, ಕಡೆಗಣಿಸು ಎಂಬ ಮಾತುಗಳು ಕಿವಿಗೆ ಅಕ್ಕತಂಗಿಯರಂತೆ ಕೇಳಿಸುತ್ತವೆ. ಅವುಗಳ ನಿಷ್ಪತ್ತಿಯನ್ನು ಪಂಡಿತರಿಗೆ ಬಿಡುತ್ತೇನೆ. ಕನ್ನಡಕದ ಚರಿತ್ರೆಯಲ್ಲಂತೂ ಕಡೆಗಣ್ಣು ಬಹುಕಾಲ ಕಡೆಗಣನೆಗೆ ಗುರಿಯಾಗಿತ್ತು.

ನಮ್ಮ ಶಾಲೆಯ ಪ್ರಯೋಗಾಲಯವನ್ನು ಒಮ್ಮೆ ನೆನಪಿಸಿಕೊಳ್ಳಿ. ಪೀನ ಮಸೂರವನ್ನು ಕೈಯಲ್ಲಿ ಹಿಡಿದು, ಎದುರಿನ ಕಿಟಕಿಯ ತಲೆಕೆಳಗಾದ ಬಿಂಬವನ್ನು ಬಿಳಿಗೋಡೆಯ ಮೇಲೆ ಬೀಳಿಸುತ್ತಿದ್ದೆವು. ಅಳತೆಪಟ್ಟಿ ಇಟ್ಟು ಸಂಗಮದೂರವನ್ನು ಬರೆದುಕೊಳ್ಳುತ್ತಿದ್ದೆವು. ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಕೇಳುತ್ತಿದ್ದರು: “ಸರ್, ನಡುವಿನ ಸರಳು ಚೆನ್ನಾಗಿ ಕಾಣುತ್ತದೆ, ಅಂಚಿನ ಸರಳು ಏಕೆ ಮಂಜುಮಂಜು?” ಅದು ಪಠ್ಯಪುಸ್ತಕದ ಎಲ್ಲೆಯನ್ನು ದಾಟಿದ ಪ್ರಶ್ನೆ. ಪುಸ್ತಕದ ಕಿರಣಚಿತ್ರಗಳೆಲ್ಲ ಪ್ರಧಾನ ಅಕ್ಷಕ್ಕೆ ಹತ್ತಿರವಾಗಿ ಸಾಗುವ ಕಿರಣಗಳಿಗೆ ಮಾತ್ರ ಒಪ್ಪುತ್ತವೆ. ಓರೆಯಾಗಿ ಬರುವ ಬೆಳಕು ಮಸೂರವನ್ನು ಹಾದರೆ, ಅದರ ನಿಲುವಿನ ಕಿರಣಗಳು ಒಂದು ದೂರದಲ್ಲಿಯೂ ಅಡ್ಡದ ಕಿರಣಗಳು ಇನ್ನೊಂದು ದೂರದಲ್ಲಿಯೂ ಕೂಡುತ್ತವೆ. ಬಿಂದುವಿನ ಬಿಂಬ ಬಿಂದುವಾಗುವುದಿಲ್ಲ, ಎಳೆದ ಗೆರೆಯಾಗುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ, ಡಾಕ್ಟರ ಚೀಟಿಯಲ್ಲಿ ‘ಸಿಲಿಂಡರ್’ ಎಂಬ ಕಲಮಿನ ಕೆಳಗೆ ಬರೆಯುತ್ತಾರಲ್ಲ, ಅದರದೇ ಜಾತಿಯ ದೋಷ.

ಎರಡೂ ಬದಿ ಒಂದೇ ಸಮ ಉಬ್ಬಿದ ಹಳೆಯ ಕನ್ನಡಕದ ಗಾಜಿನಲ್ಲಿ ಈ ದೋಷ ಹೇರಳವಾಗಿತ್ತು. ತಲೆಯನ್ನೇ ತಿರುಗಿಸಿ, ಗಾಜಿನ ನಡುವಿನಿಂದಲೇ ನೋಡಬೇಕಾಗುತ್ತಿತ್ತು. 1804ರಲ್ಲಿ ಇಂಗ್ಲೆಂಡಿನ ವಿಲಿಯಂ ವೊಲಾಸ್ಟನ್ ಎಂಬ ವಿಜ್ಞಾನಿ, ಮಸೂರವನ್ನು ಕಣ್ಣಿನ ಗುಡ್ಡೆಯ ಸುತ್ತ ಬಾಗಿಸಿದಂತೆ ಹೊರಮೈ ಉಬ್ಬಾಗಿ, ಒಳಮೈ ತಗ್ಗಾಗಿ ರೂಪಿಸಿದರೆ ಓರೆನೋಟ ಸುಧಾರಿಸುವುದೆಂದು ತೋರಿಸಿದ. ಆ ಬಾಗನ್ನು ಲೆಕ್ಕದ ಹಿಡಿತಕ್ಕೆ ತಂದವನು ಜರ್ಮನಿಯ ಯೇನಾ ನಗರದ ಝೈಸ್ ಕಾರ್ಖಾನೆಯ ಮೊರಿಟ್ಸ್ ಫಾನ್ ರೋರ್. ಕಣ್ಣಿನ ದೃಗ್ವಿಜ್ಞಾನಕ್ಕಾಗಿ 1911ರ ನೊಬೆಲ್ ಪಡೆದ ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡನ ಚಿಂತನೆ ಅವನ ಬೆನ್ನಿಗಿತ್ತು. ಕಣ್ಣು ಒಂದೆಡೆ ನಿಂತು ನೋಡುವ ಯಂತ್ರವಲ್ಲ, ಗೂಡಿನೊಳಗೆ ಹೊರಳುವ ಗೋಳ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಫಾನ್ ರೋರ್ ರೂಪಿಸಿದ ‘ಪುಂಕ್ಟಾಲ್’ ಮಸೂರ 1912ರಲ್ಲಿ ಹೊರಬಂತು. ಗಾಜಿನ ಬದಿಯಿಂದ ನೋಡಿದರೂ ಬಿಂದು ಬಿಂದುವಾಗಿಯೇ ಕಾಣಬೇಕೆಂಬುದು ಅದರ ಗುರಿ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಓದಿ. ಫಾನ್ ರೋರ್ ಸರಿಪಡಿಸಿದ್ದು ಗಾಜಿನ ಅಂಚನ್ನು, ಆದರೆ ಯಾರಿಗಾಗಿ? ಅಂಚಿನತ್ತ ಹೊರಳಿದ ನೇರನೋಟಕ್ಕಾಗಿ. ಕಣ್ಣು ಎದುರಿಗೇ ನೆಟ್ಟಿರುವಾಗ ಅದೇ ಅಂಚಿನಿಂದ ಒಳಬಂದು ಅಕ್ಷಿಪಟದ ಹೊರವಲಯದ ಮೇಲೆ ಬೀಳುವ ಬೆಳಕಿನ ಗತಿ ಏನೆಂದು ವಿನ್ಯಾಸಕಾರರು ಬಹುಕಾಲ ಹೆಚ್ಚಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಹೇಗೂ ಕಡೆಗಣ್ಣಿಗೆ ಓದಲು ಬಾರದಲ್ಲ, ಅದಕ್ಕೆ ಮಸುಕಾದರೇನು ಸ್ಪಷ್ಟವಾದರೇನು ಎಂಬ ಧೋರಣೆ. ಓದಲು ಬಾರದವನಿಗೆ ಯಾವ ಹಕ್ಕೂ ಇಲ್ಲವೆನ್ನುವ ಜಮೀನ್ದಾರನ ಧೋರಣೆಯಂತೆಯೇ ಇದು!

ಇನ್ನು ಚಾಳೀಸಿಗೆ ಬರೋಣ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಬಿಗಿಯಾಗಿ, ಹತ್ತಿರದ್ದಕ್ಕಾಗಿ ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ. ಆಗ ಓದಲು ಹೆಚ್ಚುವರಿ ಪ್ಲಸ್ ಬೇಕು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್ಸಿನಲ್ಲಿದ್ದಾಗ ಎರಡು ಕನ್ನಡಕಗಳನ್ನು ಹೊತ್ತು ತಿರುಗಿ ಬೇಸತ್ತು, ಎರಡರ ಗಾಜನ್ನೂ ಅರ್ಧರ್ಧ ಕತ್ತರಿಸಿ ಒಂದೇ ಚೌಕಟ್ಟಿಗೆ ಕೂಡಿಸಿದ್ದನ್ನು 1784, 1785ರ ತನ್ನ ಪತ್ರಗಳಲ್ಲಿ ಬರೆದಿದ್ದಾನೆ. ಅದೇ ಬೈಫೋಕಲ್. ಅದರ ಗುಣವೆಂದರೆ ಪ್ರಾಮಾಣಿಕತೆ. ಗೆರೆ ಎದ್ದು ಕಾಣುತ್ತದೆ; ಗೆರೆಯ ಮೇಲೆ ದೂರ, ಗೆರೆಯ ಕೆಳಗೆ ಹತ್ತಿರ. ಮೋಸವಿಲ್ಲ.

ಆದರೆ ಗೆರೆ ವಯಸ್ಸನ್ನು ಸಾರುತ್ತದೆ. ಮೇಲಾಗಿ, ಕೈಯಳತೆಗೂ ದೂರಕ್ಕೂ ನಡುವಣ ನೆಲೆಯನ್ನು ಬೈಫೋಕಲ್ ಬಿಟ್ಟುಬಿಡುತ್ತದೆ. ಗೆರೆಯನ್ನು ಅಳಿಸಿ, ಮೇಲಿನಿಂದ ಕೆಳಕ್ಕೆ ಶಕ್ತಿ ಮೆಲ್ಲಮೆಲ್ಲನೆ ಏರುವ ಮಸೂರವನ್ನು ಮಾಡಬೇಕೆಂಬ ಕಲ್ಪನೆಗೆ 1907ರಲ್ಲೇ ಇಂಗ್ಲೆಂಡಿನ ಓವೆನ್ ಏವ್ಸ್ ಪೇಟೆಂಟ್ ಪಡೆದಿದ್ದ. ಅದನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದವನು ಫ್ರಾನ್ಸಿನ ಎಂಜಿನಿಯರ್ ಬರ್ನಾರ್ ಮೆತನಾಜ್. ಅವನ ‘ವ್ಯಾರಿಲಕ್ಸ್’ 1959ರಲ್ಲಿ ಬಂತು. ಇದು ದೊಡ್ಡ ಸಾಧನೆ, ಇದರಲ್ಲಿ ನನಗೆ ಅನುಮಾನವಿಲ್ಲ. ಕರಿಹಲಗೆಯನ್ನೂ ಪುಸ್ತಕವನ್ನೂ ಒಂದೇ ಉಸಿರಿನಲ್ಲಿ ನೋಡಬೇಕಾದ ಮೇಷ್ಟರಿಗೆ, ಗಿರಾಕಿಯ ಮುಖವನ್ನೂ ತಕ್ಕಡಿಯನ್ನೂ ಲೆಕ್ಕದ ಪುಸ್ತಕವನ್ನೂ ನೋಡಬೇಕಾದ ವ್ಯಾಪಾರಿಗೆ ಇದು ವರವೇ ಸರಿ. ಆ ವರಕ್ಕೆ ತೆರಬೇಕಾದ ಸುಂಕವನ್ನು ಮುಚ್ಚಿಡುವುದಷ್ಟೇ ನನಗೆ ಒಪ್ಪದ ಸಂಗತಿ.

ಸುಂಕ ಯಾವುದೆಂದು 1963ರಲ್ಲಿ ಜರ್ಮನಿಯ ಗಣಿತಜ್ಞ ಮಿಂಕ್ವಿಟ್ಸ್ ತೋರಿಸಿಕೊಟ್ಟ. ಅವನ ಪ್ರಮೇಯವನ್ನು ಸರಳವಾಗಿ ಹೀಗೆ ಹೇಳಬಹುದು: ಮಸೂರದ ನಡುಗೆರೆಯಲ್ಲಿ ಶಕ್ತಿ ಎಷ್ಟು ವೇಗವಾಗಿ ಏರುತ್ತದೆಯೋ, ಆ ಗೆರೆಯಿಂದ ಬದಿಗೆ ಸರಿದಂತೆ ಅಸ್ಟಿಗ್ಮ್ಯಾಟಿಸಂ ಅದರ ಎರಡರಷ್ಟು ವೇಗವಾಗಿ ಏರುತ್ತದೆ. ಸೀಮೆಸುಣ್ಣ ಹಿಡಿದು ಲೆಕ್ಕ ಮಾಡೋಣ. ಓದಿಗಾಗಿ ಬೇಕಾದ ಹೆಚ್ಚುವರಿ ಶಕ್ತಿ 2 ಡಯಾಪ್ಟರ್ ಎಂದಿಟ್ಟುಕೊಳ್ಳಿ. ಅದು 16 ಮಿಲಿಮೀಟರ್ ಉದ್ದದ ಓಣಿಯಲ್ಲಿ ಒಂದೇ ಸಮನಾಗಿ ಏರಿದರೆ, ಪ್ರತಿ ಮಿಲಿಮೀಟರಿಗೆ 0.125 ಡಯಾಪ್ಟರ್. ಬದಿಗೆ ಏರುವ ದೋಷ ಪ್ರತಿ ಮಿಲಿಮೀಟರಿಗೆ 0.25. ಅರ್ಧ ಡಯಾಪ್ಟರ್ ದೋಷವನ್ನು ಕಣ್ಣು ಸಹಿಸೀತೆಂದು ಹಿಡಿದರೆ, ನಡುಗೆರೆಯಿಂದ ಎಡಕ್ಕೆ 2, ಬಲಕ್ಕೆ 2, ಒಟ್ಟು 4 ಮಿಲಿಮೀಟರ್ ಅಗಲದ ಓಣಿಯೇ ಸ್ಪಷ್ಟ ನೋಟಕ್ಕೆ ಸಿಗುವುದು.

ಈಗ ಕನ್ನಡಿಯ ಮುಂದೆ ಚೆಂದವಾಗಿ ಕಾಣುವ ಗಿಡ್ಡ ಚೌಕಟ್ಟನ್ನು ಆರಿಸಿಕೊಂಡಿರೆನ್ನಿ. ಗಾಜಿನ ಎತ್ತರ ಕಡಿಮೆಯಾದುದರಿಂದ ಅದೇ 2 ಡಯಾಪ್ಟರನ್ನು 10 ಮಿಲಿಮೀಟರಿನಲ್ಲಿ ಏರಿಸಬೇಕು. ನಡುಗೆರೆಯಲ್ಲಿ ಮಿಲಿಮೀಟರಿಗೆ 0.2, ಬದಿಗೆ 0.4. ಓಣಿಯ ಅಗಲ ಎರಡೂವರೆ ಮಿಲಿಮೀಟರಿಗೆ ಇಳಿಯಿತು! ಚೌಕಟ್ಟಿನ ಚೆಂದಕ್ಕಾಗಿ ನೋಟದ ಓಣಿಯ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಕೊಟ್ಟುಬಂದಿರಿ. ಚೌಕಟ್ಟು ಆರಿಸುವಾಗ “ನಿಮಗೆ ಇದು ಒಪ್ಪುತ್ತದೆ” ಎಂದು ಹೊಗಳಿದ ಅಂಗಡಿಯ ಹುಡುಗ ಈ ಭಾಗಾಕಾರವನ್ನು ಹೇಳಿದನೇ? ಇದು ನಡುಗೆರೆಯ ಆಸುಪಾಸಿಗೆ ಅನ್ವಯಿಸುವ ಲೆಕ್ಕ. ದೂರದ ಅಂಚುಗಳಲ್ಲಿ ವಿನ್ಯಾಸಕಾರನಿಗೆ ಸ್ವಲ್ಪ ಕೈಯಾಡಿಸಲು ಎಡೆಯುಂಟು. ಆದರೆ ಓಣಿಯ ಬಾಯಲ್ಲಿ ಕಾವಲು ನಿಂತಿರುವುದು ಗಣಿತ. ಅದಕ್ಕೆ ಲಂಚ ಕೊಡಲಾಗದು.

ಕೈಯಾಡಿಸುವುದೆಂದರೆ ಹೇಗೆ? ಮಸುಕನ್ನೆಲ್ಲ ಕೆಳಗಿನ ಎಡ ಬಲ ಮೂಲೆಗಳಿಗೆ ಗುಡಿಸಿ ರಾಶಿ ಹಾಕಬಹುದು. ಆಗ ಸ್ಪಷ್ಟ ಭಾಗ ಅಗಲವಾಗುತ್ತದೆ, ಆದರೆ ಅದನ್ನು ದಾಟಿದ ಕೂಡಲೇ ತೀವ್ರ ಮಸುಕು. ಇದು ‘ಹಾರ್ಡ್’ ವಿನ್ಯಾಸ. ಇಲ್ಲವೇ ಮಸುಕನ್ನು ತೆಳ್ಳಗೆ ಗಾಜಿನ ತುಂಬ ಹರಡಬಹುದು. ಆಗ ನೆಲ ತೇಲುವುದು ಕಡಿಮೆ, ಆದರೆ ಸ್ಪಷ್ಟ ಭಾಗ ಕಿರಿದು. ಇದು ‘ಸಾಫ್ಟ್’ ವಿನ್ಯಾಸ. ಈಚಿನ ‘ಫ್ರೀಫಾರ್ಮ್’ ತಂತ್ರದಲ್ಲಿ ಕಂಪ್ಯೂಟರಿನ ಆಣತಿಯಂತೆ ವಜ್ರದ ಮೊನೆಯೊಂದು ಮಸೂರದ ಮೈಯನ್ನು ಬಿಂದುಬಿಂದುವಾಗಿ ಕೆತ್ತುತ್ತದೆ. ನಿಮ್ಮ ನಂಬರು, ನಿಮ್ಮ ಚೌಕಟ್ಟಿನ ವಾಲು, ಕಣ್ಣಿಗೂ ಗಾಜಿಗೂ ಇರುವ ಅಂತರ ಇವಕ್ಕೆಲ್ಲ ಹೊಂದಿಸಬಹುದು. ಒಳ್ಳೆಯದೇ. ಆದರೂ ಕಸ ಗುಡಿಸುವ ಪೊರಕೆ ನಯವಾಯಿತೇ ಹೊರತು ಕಸ ಮಾಯವಾಗಲಿಲ್ಲ. ಗುಡಿಸಿದ ಕಸ ಬಂದು ಬೀಳುವುದು ಕಡೆಗಣ್ಣಿನ ಅಂಗಳಕ್ಕೆ, ಅದರಲ್ಲೂ ಕೆಳಗಿನ ಅಂಗಳಕ್ಕೆ.

ಆ ಕೆಳಗಿನ ಅಂಗಳದಲ್ಲಿ ಏನಿದೆ? ನಿಮ್ಮ ಕಾಲಿದೆ! ಮೆಟ್ಟಿಲಿದೆ, ಬಚ್ಚಲಿನ ಒದ್ದೆ ನೆಲವಿದೆ, ಕಲ್ಲು ಕಿತ್ತುಹೋದ ಫುಟ್‌ಪಾತಿದೆ. ಇನ್ನೊಂದು ಲೆಕ್ಕ ನೋಡಿ. ಅರವತ್ತು ದಾಟಿದವರ ಓದಿನ ಹೆಚ್ಚುವರಿ ಶಕ್ತಿ ಸಾಮಾನ್ಯವಾಗಿ 2.5 ಡಯಾಪ್ಟರಿನ ಆಸುಪಾಸು. ಅಂದರೆ ಗಾಜಿನ ಕೆಳಭಾಗದಿಂದ ಸ್ಪಷ್ಟವಾಗಿ ಕಾಣುವ ದೂರ 1 ಭಾಗಿಸು 2.5, ಅಂದರೆ 40 ಸೆಂಟಿಮೀಟರ್. ನಿಂತವನ ಕಣ್ಣಿನಿಂದ ನೆಲಕ್ಕೆ ಸುಮಾರು ಒಂದೂವರೆ ಮೀಟರ್. ಅದಕ್ಕೆ ಬೇಕಾದದ್ದು 0.67 ಡಯಾಪ್ಟರ್ ಮಾತ್ರ. ಹೆಚ್ಚಾದದ್ದು 1.8ರಷ್ಟು. ಮೈನಸ್ 1.8 ನಂಬರಿನ ಹುಡುಗನೊಬ್ಬ ಕನ್ನಡಕವಿಲ್ಲದೆ ಊರು ನೋಡಿದರೆ ಎಷ್ಟು ಮಸುಕೋ, ನೀವು ಗಾಜಿನ ತಳದಿಂದ ನೋಡುವ ಮೆಟ್ಟಿಲು ಅಷ್ಟು ಮಸುಕು. ದೀಪದ ಬುಡದಲ್ಲಿ ಕತ್ತಲೆಯೆಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ. ಊರಾಚೆಯ ಗುಡ್ಡದ ಗೋಪುರ ಕಾಣುತ್ತದೆ, ಕೈಯಲ್ಲಿನ ಪಂಚಾಂಗ ಕಾಣುತ್ತದೆ, ಕಾಲಬುಡದ ಮೆಟ್ಟಿಲಂಚು ಕಾಣದು.

ಇದು ಬರಿಯ ಕಾಗದದ ಲೆಕ್ಕವಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸ್ಟೀಫನ್ ಲಾರ್ಡ್ ಮತ್ತು ಸಂಗಡಿಗರು 63ರಿಂದ 90 ವಯಸ್ಸಿನ 156 ಮಂದಿಯನ್ನು ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೈಫೋಕಲ್, ಪ್ರೊಗ್ರೆಸಿವ್ ಮುಂತಾದ ಬಹುಶಕ್ತಿಯ ಕನ್ನಡಕ ಧರಿಸುವವರು ಬೀಳುವ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಗಾಜಿನ ಕೆಳಭಾಗದಿಂದ ನೋಡುವಾಗ ಅವರಿಗೆ ಅಂಚುಗಳನ್ನು ಗುರುತಿಸುವ ಶಕ್ತಿಯೂ ಆಳವನ್ನು ಅಂದಾಜಿಸುವ ಶಕ್ತಿಯೂ ಕುಂದಿದ್ದವು. ಗಮನಿಸಿ, ನಾನು ಹೊಗಳಿದ ಬೈಫೋಕಲ್ಲಿಗೂ ಇಲ್ಲಿ ವಿನಾಯಿತಿ ಇಲ್ಲ. ಗೆರೆ ಪ್ರಾಮಾಣಿಕವಾಗಿದ್ದರೂ ಗೆರೆಯ ಕೆಳಗಿನ ನೆಲ ಮಸುಕೇ.

ನನ್ನೊಡನೆ ಹಲವು ವರ್ಷ ಕನ್ನಡ ಕಲಿಸಿದ ಪಂಡಿತರೊಬ್ಬರು ಮಗ ಕೊಡಿಸಿದ ದುಬಾರಿ ಪ್ರೊಗ್ರೆಸಿವ್ ಕನ್ನಡಕ ಹಾಕಿದ ಮೂರನೆಯ ವಾರ, ಮೂವತ್ತು ವರ್ಷ ಹತ್ತಿ ಇಳಿದ ತಮ್ಮದೇ ಮನೆಯ ಕೊನೆಯ ಮೆಟ್ಟಿಲನ್ನು ನೆಲವೆಂದು ತಿಳಿದು ಕಾಲಿಟ್ಟರು. ಸೊಂಟದ ಮೂಳೆ ಮುರಿಯಿತು. ನೋಡಹೋದಾಗ ಅವರು ಹೇಳಿದ್ದು, “ಕೊನೆಯ ಮೆಟ್ಟಿಲು ಇತ್ತು ಕಣಯ್ಯಾ, ಅದರ ಅಂಚು ಇರಲಿಲ್ಲ.” ಬಿದ್ದುದಕ್ಕೆ ಕನ್ನಡಕವೊಂದೇ ಕಾರಣವೆಂದು ನಾನು ಆಣೆಯಿಟ್ಟು ಹೇಳಲಾರೆ, ವಯಸ್ಸೂ ಇತ್ತು, ಸಂಜೆಯ ಮಬ್ಬೂ ಇತ್ತು. ಆದರೆ ಆ ಕನ್ನಡಕವನ್ನು ಮಾರಿದವರು ಚೌಕಟ್ಟಿನ ಬಣ್ಣದ ಬಗ್ಗೆ ಅರ್ಧ ಗಂಟೆ ಮಾತನಾಡಿ, ಮೆಟ್ಟಿಲಿನ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲವೆಂಬುದನ್ನು ಮಾತ್ರ ಅವರ ಬಾಯಿಂದಲೇ ಕೇಳಿದ್ದೇನೆ.

ಹಾಗಾದರೆ ಪರಿಹಾರವೇನು? ಅದೂ ಪರೀಕ್ಷೆಗೆ ಒಳಪಟ್ಟಿದೆ. ಆಸ್ಟ್ರೇಲಿಯಾದಲ್ಲೇ ಬಹುಶಕ್ತಿಯ ಕನ್ನಡಕ ಧರಿಸುವ 606 ಮಂದಿ ವೃದ್ಧರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊರಗೆ ನಡೆದಾಡಲು ಬರಿಯ ದೂರದೃಷ್ಟಿಯ ಇನ್ನೊಂದು ಕನ್ನಡಕ ಕೊಟ್ಟು, ಒಂದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. 2010ರಲ್ಲಿ ಫಲಿತಾಂಶ ಬಂತು. ನಿತ್ಯ ಹೊರಗೆ ಓಡಾಡುವ ಅಭ್ಯಾಸವಿದ್ದವರಲ್ಲಿ ಬೀಳುವುದು ಸುಮಾರು ಶೇಕಡಾ 40ರಷ್ಟು ಕಡಿಮೆಯಾಗಿತ್ತು. ಆದರೆ ಮನೆಯಿಂದ ಹೊರಗೆ ಕಾಲಿಡುವುದೇ ಅಪರೂಪವಾದವರಲ್ಲಿ ಹೊರಗೆ ಬೀಳುವುದು ಹೆಚ್ಚಾಗಿತ್ತು. ಎಲ್ಲರಿಗೂ ಒಂದೇ ಮದ್ದಿಲ್ಲವೆಂಬುದನ್ನೂ ಈ ಪರೀಕ್ಷೆ ಕಲಿಸಿತು. ಯಾರು ಎಲ್ಲಿ ನಡೆಯುತ್ತಾರೆ, ಏನು ಕೆಲಸ ಮಾಡುತ್ತಾರೆ ಎಂದು ಕೇಳದೆ ಮಸೂರ ಮಾರುವುದು, ನಾಡಿ ನೋಡದೆ ಕಷಾಯ ಕೊಟ್ಟಂತೆ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಮೊದಲನೆಯದು: “ಮೆದುಳು ಹೊಂದಿಕೊಳ್ಳುತ್ತದೆ.” ಹೌದು, ಬಹುಮಂದಿಯಲ್ಲಿ ನೆಲ ತೇಲುವ ಭ್ರಮೆ ಕೆಲವು ದಿನಗಳಲ್ಲಿ ತಗ್ಗುತ್ತದೆ. ಆದರೆ ಮೆದುಳು ಎಷ್ಟೇ ಹೊಂದಿಕೊಂಡರೂ ಅಕ್ಷಿಪಟದ ಮೇಲೆ ಮೂಡದ ಅಂಚನ್ನು ಮೂಡಿಸಲಾರದು. ಮೇಲೆ ಹೇಳಿದ ಸಿಡ್ನಿಯ ವೃದ್ಧರು ಬಹುಶಕ್ತಿಯ ಕನ್ನಡಕಕ್ಕೆ ಹೊಸಬರೇನಲ್ಲ, ಅದನ್ನು ರೂಢಿ ಮಾಡಿಕೊಂಡವರೇ. ಎರಡನೆಯದು: “ಗದ್ದ ತಗ್ಗಿಸಿ ಗಾಜಿನ ಮೇಲ್ಭಾಗದಿಂದ ಮೆಟ್ಟಿಲು ನೋಡಬಹುದಲ್ಲ?” ನೋಡಬಹುದು, ಇದು ಒಳ್ಳೆಯ ಸಲಹೆಯೇ. ಆದರೆ ಅದನ್ನು ಮಾರುವಾಗಲೇ ಹೇಳಿ, ಅಂಗಡಿಯ ಮೆಟ್ಟಿಲಿನ ಮೇಲೆಯೇ ಮಾಡಿ ತೋರಿಸಿ. ಕುತ್ತಿಗೆ ಬಗ್ಗದ ಸಂಧಿವಾತದವರಿಗೆ, ಕೈಯಲ್ಲಿ ಕೊಡ ಹಿಡಿದು ಇಳಿಯುವವರಿಗೆ ಏನು ಹೇಳುತ್ತೀರಿ? ಮೆಟ್ಟಿಲನ್ನು ನಾವು ಪ್ರತಿ ಬಾರಿಯೂ ದಿಟ್ಟಿಸಿ ಇಳಿಯುವುದಿಲ್ಲ, ಕಡೆಗಣ್ಣಿನ ಭರವಸೆಯ ಮೇಲೆ ಇಳಿಯುತ್ತೇವೆ ಎಂಬುದನ್ನು ಮರೆಯಬೇಡಿ.

ಮೂರನೆಯದು: “ಎರಡು ಕನ್ನಡಕ ಕೊಳ್ಳಲು ಎಲ್ಲರಿಗೂ ಶಕ್ತಿಯಿದೆಯೇ?” ಈ ಪ್ರಶ್ನೆಯನ್ನು ಒಂದು ಪ್ರೊಗ್ರೆಸಿವ್‌ಗೆ ಹಲವು ಸಾವಿರ ರೂಪಾಯಿ ಎಣಿಸಿಕೊಳ್ಳುವವರು ಕೇಳುವುದು ಸೋಜಿಗ! ಒಂಟಿ ಶಕ್ತಿಯ ಸಾಮಾನ್ಯ ಕನ್ನಡಕ ಅದರ ಸಣ್ಣ ಭಾಗದಷ್ಟು ಬೆಲೆಗೆ ಸಿಗುತ್ತದೆ, ಮತ್ತು ಅದರ ಬಲವನ್ನು ಯಾರೂ ಹಗುರವಾಗಿ ಕಾಣಬೇಕಾಗಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಕಾರರಿಗೆ ಹತ್ತಿರ ನೋಡುವ ಸಾದಾ ಕನ್ನಡಕ ಕೊಟ್ಟು ನಡೆಸಿದ ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ಕನ್ನಡಕ ದೊರೆತವರು ಎಲೆ ಕೀಳುವ ಪ್ರಮಾಣ ದೊರೆಯದವರಿಗಿಂತ ಶೇಕಡಾ 21.7ರಷ್ಟು ಹೆಚ್ಚು ಏರಿತ್ತು. ಸಾದಾ ಗಾಜು ಕೂಲಿಯನ್ನೇ ಹೆಚ್ಚಿಸುವಷ್ಟು ಕೆಲಸ ಮಾಡುವಾಗ, ಅದನ್ನು ‘ಹಳೆಯ ಕಾಲದ್ದು’ ಎಂದು ಮೂಗು ಮುರಿಯುವುದು ಏಕೆ?

ಕಡೆಗಣ್ಣಿನ ಮಹತ್ವವನ್ನು ಈ ಉದ್ಯಮ ಅರಿಯದೆಂದು ತಿಳಿಯಬೇಡಿ. ಮಕ್ಕಳ ಕನ್ನಡಕದ ಮಾತು ಬಂದಾಗ ಅದೇ ಉದ್ಯಮ ಕಡೆಗಣ್ಣನ್ನು ಹಾಡಿ ಹೊಗಳುತ್ತದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಅರ್ಲ್ ಸ್ಮಿತ್ ಮತ್ತು ಸಂಗಡಿಗರು 2005ರಲ್ಲಿ ಮರಿಕೋತಿಗಳ ಮೇಲಿನ ಪ್ರಯೋಗದಿಂದ ಒಂದು ಅಚ್ಚರಿಯ ಸಂಗತಿಯನ್ನು ತೋರಿಸಿದರು. ಬೆಳೆಯುವ ಕಣ್ಣುಗುಡ್ಡೆ ಎಷ್ಟು ಉದ್ದವಾಗಬೇಕೆಂಬುದನ್ನು ನಡುಬಿಂದು ಮಾತ್ರವಲ್ಲ, ಅಕ್ಷಿಪಟದ ಹೊರವಲಯವೂ ನಿರ್ದೇಶಿಸುತ್ತದೆ. ಗುಡ್ಡೆ ಉದ್ದವಾದರೆ ಸಮೀಪದೃಷ್ಟಿ, ಅಂದರೆ ಮೈನಸ್ ನಂಬರು. ಇಂಥ ಅರಿವಿನ ಜಾಡಿನಲ್ಲಿ ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ ಜಪಾನಿನ ಹೋಯಾ ಕಂಪನಿಯೊಡನೆ ಹೊಸ ಮಸೂರವೊಂದನ್ನು ರೂಪಿಸಿತು. ನಡುವೆ 9 ಮಿಲಿಮೀಟರ್ ವ್ಯಾಸದ ಸ್ಪಷ್ಟ ವಲಯ. ಸುತ್ತಲೂ ಜೇನುಗೂಡಿನಂತೆ ಸುಮಾರು 400 ಪುಟಾಣಿ ಮಸೂರಗಳು, ಪ್ರತಿಯೊಂದಕ್ಕೂ 3.5 ಡಯಾಪ್ಟರ್ ಹೆಚ್ಚುವರಿ ಪ್ಲಸ್. 8ರಿಂದ 13 ವಯಸ್ಸಿನ ಮಕ್ಕಳಲ್ಲಿ ಎರಡು ವರ್ಷ ನಡೆದ ಪರೀಕ್ಷೆಯಲ್ಲಿ ನಂಬರು ಏರುವ ವೇಗ ಸಾಮಾನ್ಯ ಕನ್ನಡಕದವರಿಗಿಂತ ಶೇಕಡಾ 52ರಷ್ಟು ತಗ್ಗಿತು.

ಇದು ಸಂತೋಷದ ಸುದ್ದಿ. ಅದು ಹೊರವಲಯದ ಮಸುಕಿನಿಂದಲೇ ಕೆಲಸ ಮಾಡುತ್ತದೆಯೋ ಬೇರೆ ಕಾರಣವುಂಟೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಪ್ರಶ್ನೆ ಬೇರೆ. ಮಗುವಿನ ಕಡೆಗಣ್ಣಿಗೆ ಬೇಕೆಂದೇ ಇಟ್ಟ ಮಸುಕು ಕಣ್ಣಿನ ಬೆಳವಣಿಗೆಯನ್ನೇ ತಿದ್ದಬಲ್ಲದೆಂದು ಜಾಹೀರಾತು ಕೊಡುವವರು, ಅಜ್ಜನ ಕಡೆಗಣ್ಣಿಗೆ ಬೇಡವಾಗಿ ಬಂದ ಮಸುಕು ಏನೂ ಅಲ್ಲವೆಂದು ಹೇಗೆ ಹೇಳುತ್ತಾರೆ? ಮೊಮ್ಮಗನಿಗೊಂದು ವಿಜ್ಞಾನ, ಅಜ್ಜನಿಗೊಂದು ವಿಜ್ಞಾನ ಉಂಟೇ? ಮಕ್ಕಳಿಗೆ ದುಬಾರಿ ಮಸೂರ ಕೊಡಿಸುವ ತಂದೆತಾಯಿಯರಿಗೂ ಒಂದು ಮಾತು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಮೂರು ವರ್ಷ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದನೆಯ ತರಗತಿಯಿಂದ ದಿನವೂ 40 ನಿಮಿಷ ಹೆಚ್ಚುವರಿಯಾಗಿ ಬಯಲಿಗೆ ಬಿಟ್ಟ ಮಕ್ಕಳಲ್ಲಿ ಶೇಕಡಾ 30.4 ಮಂದಿಗೆ ಸಮೀಪದೃಷ್ಟಿ ಬಂತು. ಬಿಡದ ಮಕ್ಕಳಲ್ಲಿ ಶೇಕಡಾ 39.5 ಮಂದಿಗೆ. ಬಯಲಿಗೆ ಬೆಲೆಪಟ್ಟಿ ಇಲ್ಲ. ಆದ್ದರಿಂದ ಅದರ ಜಾಹೀರಾತೂ ಇಲ್ಲ. ಪಿ.ಟಿ. ತರಗತಿಯನ್ನು ಗಣಿತಕ್ಕೆ ಕೊಡಿ ಎಂದು ಕೇಳುವ ಶಾಲೆಗಳು ಇದನ್ನು ಓದಲಿ.

ಈಗ ನೀವು ಮಾಡಬೇಕಾದದ್ದು. ಪ್ರೊಗ್ರೆಸಿವ್ ಬೇಡವೆಂದು ನಾನು ಹೇಳುತ್ತಿಲ್ಲ. ಕೇಳಿ ಕೊಳ್ಳಿ ಎನ್ನುತ್ತಿದ್ದೇನೆ. ಓಣಿಯ ಉದ್ದ ಎಷ್ಟು ಮಿಲಿಮೀಟರ್ ಎಂದು ಕೇಳಿ. ಬದಿಯ ಮಸುಕು ಎಲ್ಲಿದೆಯೆಂದು ತೋರಿಸುವ ನಕ್ಷೆಯನ್ನು ಕೇಳಿ. ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ಗೆರೆಗಳಂತೆ ದೋಷವನ್ನು ತೋರಿಸುವ ಇಂಥ ನಕ್ಷೆಗಳನ್ನು ವಿನ್ಯಾಸಕಾರರು ಬಳಸುತ್ತಾರೆ. ಎರಡು ಕಣ್ಣಿನ ಪಾಪೆಗಳ ಸ್ಥಾನವನ್ನು ಬೇರೆಬೇರೆಯಾಗಿ, ನೀವು ಆರಿಸಿದ ಚೌಕಟ್ಟನ್ನು ಮುಖಕ್ಕೆ ಹಾಕಿಯೇ ಅಳೆಯಬೇಕೆಂದು ಪಟ್ಟು ಹಿಡಿಯಿರಿ. ನಾಲ್ಕು ಮಿಲಿಮೀಟರಿನ ಓಣಿಯಲ್ಲಿ ಎರಡು ಮಿಲಿಮೀಟರಿನ ತಪ್ಪು ಅಳತೆ ಎಂದರೆ ನೋಟವನ್ನು ಓಣಿಯಿಂದ ಹೊರಕ್ಕೇ ತಳ್ಳಿದಂತೆ. ಕನ್ನಡಕ ಕೈಗೆ ಬಂದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗಾಜಿನಲ್ಲಿ 34 ಮಿಲಿಮೀಟರ್ ಅಂತರದಲ್ಲಿ ಎರಡು ಅತಿ ಸಣ್ಣ ಗುರುತುಗಳನ್ನು ಕೆತ್ತಿರುತ್ತಾರೆ. ಕಿವಿಯ ಬದಿಯ ಗುರುತಿನ ಕೆಳಗೆ ಹೆಚ್ಚುವರಿ ಶಕ್ತಿಯ ಅಂಕಿ ಇರುತ್ತದೆ. ಅದು ನಿಮ್ಮ ಚೀಟಿಯೊಡನೆ ತಾಳೆಯಾಗಬೇಕು.

ದಿನವೂ ವಾಯುವಿಹಾರಕ್ಕೆ, ಸಂತೆಗೆ, ದೇವಸ್ಥಾನಕ್ಕೆ ನಡೆದುಹೋಗುವ ಹಿರಿಯರು ಬರಿಯ ದೂರದೃಷ್ಟಿಯ ಒಂದು ಸಾದಾ ಕನ್ನಡಕವನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕಿಕೊಳ್ಳಲಿ. ಚಪ್ಪಲಿ ಮೆಟ್ಟುವಾಗ ಅದನ್ನೂ ಧರಿಸಲಿ. ದೂರಕ್ಕೆ ನಂಬರೇ ಇಲ್ಲದವರು ಬರಿಗಣ್ಣಿನಲ್ಲೇ ನಡೆಯಲಿ. ಮೆಟ್ಟಿಲುಗಳ ಅಂಚಿಗೆ ಎದ್ದು ಕಾಣುವ ಹಳದಿ ಪಟ್ಟಿ ಬಳಿಸಿ, ದೀಪ ಹಾಕಿಸಿ. ಪರ ಊರಿನಲ್ಲಿ, ಪರದೇಶದಲ್ಲಿ ಇರುವ ಮಕ್ಕಳೇ, ಅಪ್ಪ ಅಮ್ಮನಿಗೆ ಅತ್ಯಂತ ಬೆಲೆಯ ಕನ್ನಡಕ ಕೊಡಿಸಿದೆವೆಂದು ಹಣ ಕಳುಹಿಸಿ ಸುಮ್ಮನಾಗಬೇಡಿ. ಅವರು ದಿನಕ್ಕೆ ಎಷ್ಟು ಮೆಟ್ಟಿಲು ಹತ್ತಿ ಇಳಿಯುತ್ತಾರೆಂದು ಮೊದಲು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಗಣಿತ ಹಾಕಿದ ಎಲ್ಲೆಯನ್ನು ಯಾವ ಕಾರ್ಖಾನೆಯೂ ದಾಟಲಾರದು. ಅದಕ್ಕಾಗಿ ಯಾರನ್ನೂ ದೂರುವುದಿಲ್ಲ. ಎಲ್ಲೆ ಇದೆಯೆಂದು ಹೇಳದಿರುವುದನ್ನು ದೂರುತ್ತೇನೆ. ಔಷಧದ ಬಾಟಲಿಯ ಮೇಲೆ ಅಡ್ಡಪರಿಣಾಮವನ್ನು ಬರೆಯುವಂತೆ, ಬಹುಶಕ್ತಿಯ ಪ್ರತಿ ಕನ್ನಡಕದ ಡಬ್ಬಿಯ ಮೇಲೂ ಒಂದು ಸಾಲು ಕನ್ನಡದಲ್ಲಿ ಅಚ್ಚಾಗಲಿ: “ಈ ಗಾಜಿನ ಕೆಳಭಾಗದಿಂದ ಮೆಟ್ಟಿಲು ಸ್ಪಷ್ಟವಾಗಿ ಕಾಣುವುದಿಲ್ಲ.” ಅದನ್ನು ಓದಲು ಚಾಳೀಸಿನ ಕನ್ನಡಕ ಬೇಕಾಗದಷ್ಟು ದಪ್ಪ ಅಕ್ಷರದಲ್ಲಿ ಅಚ್ಚಾಗಲಿ.